ಅಜ್ಜನ ಪೇಟಿ ರಿಪೇರಿ: ಐದು ತಿಂಗಳು, 78 ರೀಡು, ಮುರಿದದ್ದು ಒಂದು

ಶಾಲೆಯ ಪ್ರಾಜೆಕ್ಟ್ ಮೊನ್ನೆ ಶನಿವಾರ ಮುಗಿಯಿತು. ನಮ್ಮಲ್ಲಿ ಒಂಬತ್ತನೇ ಕ್ಲಾಸಿನವರು ಜೂನ್‌ನಿಂದ ನವೆಂಬರ್‌ವರೆಗೆ ಒಂದು ಸ್ವಂತ ಕೆಲಸ ಹಿಡಿಯಬೇಕು, ಡೈರಿ ಬರೆಯಬೇಕು, ಕೊನೆಗೆ ಹತ್ತು ನಿಮಿಷ ಎಲ್ಲರ ಮುಂದೆ ತೋರಿಸಬೇಕು. ನಾನು ಸಂಗೀತ ಅಂತ ಬರೆದುಕೊಟ್ಟಿದ್ದೆ. ಅಜ್ಜನ ಪೇಟಿ ರಿಪೇರಿ ಮಾಡಿ, ಅದರಲ್ಲಿ ಅಜ್ಜ ಹಾಡುತ್ತಿದ್ದ ಒಂದು ತತ್ವಪದ ನುಡಿಸಿ, ಅಜ್ಜಿಯಿಂದ ಹಾಡಿಸಿ ರೆಕಾರ್ಡ್ ಮಾಡೋದು. ಪೇಟಿ ಅಂದರೆ ಹಾರ್ಮೋನಿಯಂ. ಧಾರವಾಡದ ಕಡೆ ನಾವು ಹಾಗೇ ಕರೆಯೋದು.

ಡೈರಿಯಲ್ಲಿ ಟೀಚರ್ ಕೇಳಿದ ಹಾಗೆ ಬರೆದಿದ್ದೇನೆ. ಇಲ್ಲಿ ಬರೆಯುತ್ತಿರೋದು, ಮನೆಯ ಅಟ್ಟದಲ್ಲಿ ಒಂದು ಹಳೇ ಪೇಟಿ ಇಟ್ಟುಕೊಂಡು ಬಿಚ್ಚೋದಾ ಬೇಡ್ವಾ ಅಂತ ಯೋಚಿಸುತ್ತಿರುವವರಿಗೆ. ತಪ್ಪುಗಳನ್ನೆಲ್ಲ ಬರೆದಿದ್ದೇನೆ, ಯಾಕಂದ್ರೆ ನನಗೆ ಶುರುವಿನಲ್ಲಿ ಬೇಕಾಗಿದ್ದದ್ದು ಅದೇ.

ಜೂನ್ 16, 2024. ಪೇಟಿ ಮನೆಗೆ ಬಂತು

ಅಜ್ಜ ಅಣ್ಣಿಗೇರಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಪ್ರತಿ ಸೋಮವಾರ ಗುಡಿಯ ಭಜನೆಗೆ ಪೇಟಿ ನುಡಿಸುತ್ತಿದ್ದರು. ಅವರು ತೀರಿಕೊಂಡು ಆರು ವರ್ಷ. ಅವತ್ತಿನಿಂದ ಪೇಟಿ ಅವರದೇ ಒಂದು ಹಳೇ ಧೋತರದಲ್ಲಿ ಸುತ್ತಿಕೊಂಡು ಅಟ್ಟದ ಮೇಲಿತ್ತು. ಸಾಗವಾನಿ ಮರ, 39 ಕೀ, ಡಬಲ್ ರೀಡ್. ಅಂದರೆ ಪ್ರತಿ ಕೀಗೆ ಎರಡು ರೀಡು (ಗಾಳಿ ಹೋದಾಗ ದನಿ ಕೊಡುವ ಹಿತ್ತಾಳೆಯ ಸಣ್ಣ ಭಾಗ), ಒಂದು ದಪ್ಪ ದನಿಯ ಖರಜ್, ಇನ್ನೊಂದು ತೆಳು ದನಿಯ ನರ್. ಒಟ್ಟು 78. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮನೆಯಲ್ಲಿ ತೂಕ ಮಾಡಿದರೆ 10 ಕಿಲೋ 400 ಗ್ರಾಂ.

ಮಂಚದ ಮೇಲೆ ಇಟ್ಟು ತಿದಿ ಒತ್ತಿದೆ. ದನಿಗಿಂತ ಗಾಳಿಯೇ ಜಾಸ್ತಿ. ಒಂದೊಂದೇ ಕೀ ಒತ್ತಿ ಪಟ್ಟಿ ಮಾಡಿದೆ: 22 ಸರಿಯಾಗಿ ಕೇಳಿಸಿದವು, 12 ಗುಂಯ್ ಅನ್ನುತ್ತಿದ್ದವು, 5 ಸುಮ್ನೆ ಇದ್ದವು. ಅದರ ಜೊತೆಗೆ ಎರಡು ಕೀ ಮುಟ್ಟದೇನೇ ತಾವೇ ಕೂಗುತ್ತಿದ್ದವು.

ಈ ಪಟ್ಟಿಯನ್ನು ನಾನು ಪೆನ್ನಿನಲ್ಲಿ ಬರೆದುಕೊಂಡೆ. ಮೊಬೈಲ್ ಪಕ್ಕದಲ್ಲೇ ಇತ್ತು, ದನಿ ರೆಕಾರ್ಡ್ ಮಾಡಲಿಲ್ಲ. ಈ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ಹುಬ್ಬಳ್ಳಿಯ ಒಂದು ಅಂಗಡಿಗೆ ಕೇಳಲು ಹೋಗಿದ್ದೆವು. 4,500 ರೂಪಾಯಿ, ಎರಡು ತಿಂಗಳು, ರೀಡ್ ಎಲ್ಲ ಹೊಸದು ಹಾಕಿ ಕೊಡ್ತೇವೆ ಅಂದರು. ಅಪ್ಪ ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲಿ ಒಂದೇ ಮಾತು ಹೇಳಿದರು: "ರೀಡ್ ಎಲ್ಲಾ ಹೊಸಾದು ಹಾಕಿದ್ರ ಅದು ಅಪ್ಪನ ಪೇಟಿ ಹೆಂಗ ಆಗ್ತದ?" ಅಲ್ಲಿಗೆ ನಾನೇ ಮಾಡೋದು ಅಂತ ಆಯಿತು.

ಸೋರಿಕೆ ಅಳೆಯಲು ಒಂದು ಸುಲಭ ದಾರಿ ಇದೆ. ಸ್ಟಾಪ್ ಎಲ್ಲ (ರೀಡುಗಳಿಗೆ ಗಾಳಿ ಬಿಡಲು ಎಳೆಯುವ ಗುಂಡಿಗಳು) ಒಳಗೆ ತಳ್ಳಿ, ತಿದಿಯನ್ನು ಪೂರ್ತಿ ತುಂಬಿಸಿ, ಕೈ ಬಿಟ್ಟು, ಒಳಗಿನ ಗಾಳಿ ಖಾಲಿ ಆಗಲು ಎಷ್ಟು ಸೆಕೆಂಡು ಬೇಕು ಅಂತ ನೋಡೋದು. ಮೊದಲ ದಿನ 5 ಸೆಕೆಂಡು. ಸ್ಟಾಪ್ ಮುಚ್ಚಿದಾಗಲೂ ಇಷ್ಟು ಬೇಗ ಹೋದರೆ ತಪ್ಪು ತಿದಿಯದ್ದು, ಕೀಗಳದ್ದಲ್ಲ. ಇದನ್ನೇ ಸ್ಟಾಪ್ ಎಳೆದು ಇನ್ನೊಮ್ಮೆ ಮಾಡಿದರೆ ಕೀಗಳ ಹತ್ತಿರದ ಸೋರಿಕೆಯೂ ಸೇರುತ್ತದೆ. ಎರಡೂ ಸಂಖ್ಯೆ ಬರೆದಿಟ್ಟುಕೊಂಡರೆ ಎಲ್ಲಿಂದ ಶುರು ಮಾಡಬೇಕು ಅನ್ನೋದು ತಾನೇ ಗೊತ್ತಾಗುತ್ತದೆ.

ಜೂನ್ 22. ಬಿಚ್ಚಿದ್ದು

ಸಾಮಾನು: ಎರಡು ಅಳತೆಯ ಸ್ಕ್ರೂಡ್ರೈವರ್, ಹಲ್ಲುಜ್ಜುವ ಹಳೇ ಬ್ರಷ್, ಚಿಮಟಾ, ಸ್ಕ್ರೂ ಹಾಕಿಡಲು ಇಡ್ಲಿ ತಟ್ಟೆ. ಇಡ್ಲಿ ತಟ್ಟೆ ನಿಜಕ್ಕೂ ಒಳ್ಳೆಯದು, ಒಂದೊಂದು ಕುಳಿಗೆ ಒಂದೊಂದು ಜಾಗದ ಸ್ಕ್ರೂ.

ಮೇಲಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಮೂರು ಬಂದವು, ನಾಲ್ಕನೆಯದರ ತಲೆ ಸವೆದಿತ್ತು. ಜೋರಾಗಿ ತಿರುಗಿಸಿದೆ, ಸ್ಕ್ರೂಡ್ರೈವರ್ ಜಾರಿ ಮರದ ಮೇಲೆ ಎರಡು ಸೆಂಟಿಮೀಟರ್ ಉದ್ದ ಗೀರು ಬಿತ್ತು. ಆ ಗೀರು ಈಗಲೂ ಇದೆ. ಆಮೇಲೆ ಹೊಲಿಗೆ ಮಷೀನ್ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿ ಹಾಗೇ ಬಿಟ್ಟೆ, ಬೆಳಿಗ್ಗೆ ಸುಲಭವಾಗಿ ಬಂತು. ಮೊದಲೇ ಹಾಗೆ ಮಾಡಬೇಕಿತ್ತು.

ಕೀಗಳನ್ನು ಹಿಡಿದಿರುವ ಮರದ ಪಟ್ಟಿ ತೆಗೆದರೆ ಕೀಗಳು ಒಂದೊಂದಾಗಿ ಎದ್ದು ಬರುತ್ತವೆ. ಪ್ರತಿ ಕೀಯ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ನಂಬರ್ ಬರೆದಿತ್ತು, ಪೇಟಿ ಮಾಡಿದವರೇ ಬರೆದದ್ದು ಇರಬೇಕು. ಆದರೂ ಹೆಜ್ಜೆ ಹೆಜ್ಜೆಗೂ ಫೋಟೋ ತೆಗೆದೆ, ಒಟ್ಟು 64. ಕೀಗಳ ಕೆಳಗೆ ಧೂಳು, ಬೆಳ್ಳಿಹುಳ, ಅಕ್ಷತೆ ಕಾಳು, ಒಂದು ಚಿಟಿಕೆ ಒಣಗಿದ ಕುಂಕುಮ ಮತ್ತು 25 ಪೈಸೆಯ ಒಂದು ನಾಣ್ಯ ಸಿಕ್ಕಿತು. ಕುಂಕುಮ ಆಯುಧಪೂಜೆಯದ್ದು ಅಂತ ಅಪ್ಪ ಹೇಳಿದರು.

ಮಧ್ಯ ಸಪ್ತಕದ 'ಕಪ್ಪು ಒಂದು' ಕೀಯನ್ನು, ಅಂದರೆ ಅಲ್ಲಿನ ಮೊದಲ ಕಪ್ಪು ಕೀಯನ್ನು, ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನೋಡಿದೆ. ಅದು ಅಜ್ಜನ ಷಡ್ಜ, ಅಂದರೆ 'ಸ', ಅವರು ಯಾವಾಗಲೂ ಅಲ್ಲಿಂದಲೇ ಹಾಡುತ್ತಿದ್ದರು. ಅದರ ಕರಿ ಬಣ್ಣ ಬೆರಳು ತಾಗುವ ಜಾಗದಲ್ಲಿ ಸವೆದು ಒಳಗಿನ ಮರ ಕಾಣುತ್ತಿತ್ತು, ತೊಳೆದು ತೊಳೆದು ನುಣುಪಾದ ಲಟ್ಟಣಿಗೆ ಹಾಗೆ. ವರ್ನಿಯರ್‌ನಲ್ಲಿ ಅಳೆದೆ. ಪಕ್ಕದ ಕಪ್ಪು ಕೀಗಳ ಎತ್ತರ 11.2 ಮಿ.ಮೀ., ಇದರದ್ದು 10.5. 0.7 ಮಿ.ಮೀ.ನಷ್ಟು ಅಜ್ಜನ ಬೆರಳು ತಿಂದುಬಿಟ್ಟಿದೆ. ಪ್ರಾಜೆಕ್ಟ್ ಪ್ಲಾನ್‌ನಲ್ಲಿ 'ಕೀಗಳಿಗೆ ಹೊಸ ಬಣ್ಣ' ಅಂತ ಒಂದು ಸಾಲು ಬರೆದಿದ್ದೆ. ಅವತ್ತೇ ಅದನ್ನು ಹೊಡೆದು ಹಾಕಿದೆ.

ಕೊನೆಗೆ ರೀಡ್ ಬೋರ್ಡ್. ಎರಡು ಕೊಂಡಿ ಬಿಚ್ಚಿದರೆ ಹಲಗೆ ಪೂರ್ತಿ ಎದ್ದು ಬರುತ್ತದೆ. ತಿರುಗಿಸಿ ನೋಡಿದರೆ ಕೆಳಗಡೆ ಹಿತ್ತಾಳೆಯ ಎರಡು ಸಾಲು, ಅಲ್ಲಲ್ಲಿ ಹಸಿರು ಕಿಲುಬು.

ಜುಲೈ. ತಿದಿ

ತೂತು ಹುಡುಕಲು ಎರಡು ಉಪಾಯ ಮಾಡಿದೆ. ಒಳಗಿನ ತಿದಿಗೆ (ಗಾಳಿ ಕೂಡಿಡೋದು): ಕಿಟಕಿ ಮುಚ್ಚಿ, ಮೊಬೈಲ್ ಟಾರ್ಚ್ ಹಚ್ಚಿ ತಿದಿಯ ಒಳಗೆ ಇಟ್ಟೆ. ಕತ್ತಲಲ್ಲಿ ಮಡಿಕೆಗಳ ಉದ್ದಕ್ಕೂ ಸೂಜಿಮೊನೆಯಂತಹ ಬೆಳಕು ಕಾಣಿಸಿತು. ಎಣಿಸಿದರೆ 14. ಪ್ರತಿಯೊಂದಕ್ಕೂ ಸೀಮೆಸುಣ್ಣದ ಗುರುತು ಹಾಕಿದೆ. ಹೊರಗಿನ ತಿದಿಗೆ (ಕೈಯಲ್ಲಿ ಒತ್ತೋದು): ಊದುಬತ್ತಿ ಹಚ್ಚಿ ಮಡಿಕೆಯ ಹತ್ತಿರ ಹಿಡಿದು, ತಂಗಿಗೆ ನಿಧಾನ ಒತ್ತು ಅಂದೆ. ಎಲ್ಲಿ ಗಾಳಿ ಹೊರಗೆ ಬರುತ್ತದೋ ಅಲ್ಲಿ ಹೊಗೆ ತಟ್ಟನೆ ಆಚೆ ವಾಲುತ್ತದೆ. ಹೊರಗಿನದರಲ್ಲಿ ದೊಡ್ಡದು ಒಂದೇ, ಕೆಳಗಿನ ಎಡ ಮೂಲೆಯಲ್ಲಿ ಇಲಿ ಕಡಿದದ್ದು, ಹೆಬ್ಬೆರಳು ಹೋಗುವಷ್ಟು.

ಮೊದಲ ಪ್ರಯತ್ನ ಕೆಟ್ಟಿತು. ಜುಲೈ 6ರಂದು ಬುಕ್ ಬೈಂಡಿಂಗ್ ಬಟ್ಟೆಯ ಪಟ್ಟಿಗೆ ಫೆವಿಕಾಲ್ ದಪ್ಪಗೆ ಹಚ್ಚಿ ಎಲ್ಲ ತೂತಿನ ಮೇಲೂ ಅಂಟಿಸಿದೆ. ಧಾರವಾಡದ ಮಳೆ, ಎರಡು ದಿನ ಆದರೂ ಪೂರ್ತಿ ಒಣಗಲಿಲ್ಲ. ಮೂರನೇ ದಿನ ಒಣಗಿತು, ಆದರೆ ಮಡಿಕೆ ಮಡಚಲಿಲ್ಲ. ಅಂಟು ಹೀರಿದ ಜಾಗವೆಲ್ಲ ಹಪ್ಪಳದ ಹಾಗೆ ಬಿರುಸು. ಸ್ವಲ್ಪ ಬಲ ಹಾಕಿ ಒತ್ತಿದ್ದಕ್ಕೆ ಒಂದು ಮಡಿಕೆ ಅಂಚಿನುದ್ದಕ್ಕೂ ಸೀಳಿತು. ಬಿಸಿ ನೀರಿನ ಬಟ್ಟೆ ಇಟ್ಟು ಅಂಟು ಬಿಡಿಸಲು ಹೋದೆ, ಒಳಗಿನ ರಟ್ಟು ನೀರು ಕುಡಿದು ಉಬ್ಬಿ ಪದರ ಪದರ ಬಿಟ್ಟಿತು. 14 ಸೂಜಿ ತೂತು ಮುಚ್ಚಲು ಹೋಗಿ ಒಂದು ಇಡೀ ಮಡಿಕೆ ಕಳೆದುಕೊಂಡೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಎರಡನೇ ಪ್ರಯತ್ನಕ್ಕೆ ಮುಂಚೆ ತಬಲಾ ಕಟ್ಟುವ ಒಬ್ಬ ಕಾಕಾ ಅವರ ಹತ್ತಿರ ಹೋದೆ. ಅಪ್ಪನಿಗೆ ಪರಿಚಯ. ಕಿರಿಯ ವಯಸ್ಸಿನಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇದ್ದು ಕಲಿತವರು, ಪೇಟಿ ಕೆಲಸವೂ ಗೊತ್ತು. ಅವರು ನನ್ನ ಫೋಟೋ ನೋಡಿ, "ತಿದಿಗೆ ತೊಗಲು ಬೇಕವಾ, ಬಟ್ಟಿ ಅಲ್ಲ. ಅಂಟು ಮರವಜ್ರ. ನಾಳೆ ಮತ್ತ ಬಿಚ್ಚೂ ಹಂಗಿರಬೇಕು ಅಂಟು" ಅಂದರು. ಆಡಿನ ತೆಳ್ಳನೆ ತೊಗಲಿನ ತುಂಡು ಕೊಟ್ಟರು, 180 ರೂಪಾಯಿ.

ಮರವಜ್ರ ಮಾಡೋದು ಹೀಗೆ: ಚೂರುಗಳನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಆ ಪಾತ್ರೆಯನ್ನು ಇನ್ನೊಂದು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಬೇಕು. ನೇರ ಉರಿಗೆ ಇಡಬಾರದು, ಕುದಿಸಲೂಬಾರದು, ಕುದ್ದರೆ ಅಂಟಿನ ಶಕ್ತಿ ಹೋಗುತ್ತದೆ. ವಾಸನೆ ತುಂಬಾ ಇರುತ್ತದೆ, ಅಮ್ಮ ಅಡುಗೆಮನೆಗೆ ಸೇರಿಸಲಿಲ್ಲ, ಹಿತ್ತಲಿನಲ್ಲಿ ಇಟ್ಟಿಗೆ ಒಲೆ ಮಾಡಿಕೊಂಡೆ. ತೊಗಲನ್ನು 18 ಮಿ.ಮೀ. ಅಗಲದ ಪಟ್ಟಿ ಮಾಡಿ, ಅಂಚುಗಳನ್ನು ಬ್ಲೇಡಿನಲ್ಲಿ ಓರೆಯಾಗಿ ಹೆರೆದು ತೆಳ್ಳಗೆ ಮಾಡಿದೆ. ಅಂಚು ದಪ್ಪ ಇದ್ದರೆ ಮಡಿಕೆ ಒಂದರ ಮೇಲೊಂದು ಕೂರೋದಿಲ್ಲ. ತಿದಿ ಅರ್ಧ ತೆರೆದಿರುವಾಗ ಅಂಟಿಸಿ, ಅರ್ಧ ತೆರೆದೇ 24 ಗಂಟೆ ಒಣಗಿಸಿದೆ. ಹಾಳಾದ ಮಡಿಕೆಗೆ 1.5 ಮಿ.ಮೀ. ಬೈಂಡಿಂಗ್ ರಟ್ಟು ಕತ್ತರಿಸಿ ಹೊಸದಾಗಿ ಕೂರಿಸಿದೆ.

ಹೊರಗಿನ ಗಾಳಿ ಒಳಗೆ ಬರುವ ತೂತುಗಳ ಮೇಲೆ ಒಂದು ತೊಗಲಿನ ಪರದೆ ಇರುತ್ತದೆ, ಗಾಳಿ ಒಳಗೆ ಬಿಡುತ್ತದೆ, ಹೊರಗೆ ಬಿಡೋದಿಲ್ಲ. ಹಳೆಯದು ಸುರುಳಿ ಸುತ್ತಿಕೊಂಡಿತ್ತು. ಹೊಸದನ್ನು ನಾನು ತಬಲಾ ಚರ್ಮದ ಹಾಗೆ ಬಿಗಿಯಾಗಿ ಎಳೆದು ಹೊಡೆದೆ. ತಿದಿ ಎಳೆಯಲು ಕಲ್ಲು ಎತ್ತಿದ ಹಾಗಾಯಿತು, ಪರದೆ ಏಳಲು ಜಾಗವೇ ಇರಲಿಲ್ಲ. ಬಿಚ್ಚಿ, ಒಂದು ಬೆರಳ ತುದಿ ಆಡುವಷ್ಟು ಸಡಿಲ ಬಿಟ್ಟು ಮತ್ತೆ ಹೊಡೆದೆ.

ಜುಲೈ 28. ಸ್ಟಾಪ್ ಮುಚ್ಚಿ ಪರೀಕ್ಷೆ: 38 ಸೆಕೆಂಡು.

ಆಗಸ್ಟ್. ಫೆಲ್ಟ್

ಸ್ಟಾಪ್ ಎಳೆದು ನೋಡಿದರೆ ಅದೇ 38 ಹೋಗಿ 9 ಸೆಕೆಂಡು. ಅಂದರೆ ಇನ್ನು ಸೋರುತ್ತಿರೋದು ಕೀಗಳ ಕೆಳಗೆ. ಪ್ರತಿ ಕೀಯ ಅಡಿಯಲ್ಲಿ ಒಂದು ಫೆಲ್ಟ್, ಅದರ ಮೇಲೆ ತೆಳು ತೊಗಲು ಇರುತ್ತದೆ, ಅದೇ ರೀಡಿನ ತೂತನ್ನು ಮುಚ್ಚೋದು. ಹುಳ ತಿಂದು ಅರ್ಧಕ್ಕರ್ಧ ಫೆಲ್ಟ್ ಜರಡಿಯಾಗಿತ್ತು. ತಾವೇ ಕೂಗುತ್ತಿದ್ದ ಎರಡು ಕೀಗಳ ಗುಟ್ಟೂ ಇದೇ.

ಸ್ಟೇಷನರಿ ಅಂಗಡಿಯ ಕ್ರಾಫ್ಟ್ ಫೆಲ್ಟ್ ತಂದೆ, 60 ರೂಪಾಯಿ. ತೆಳ್ಳಗೆ 1 ಮಿ.ಮೀ., ಪ್ಲಾಸ್ಟಿಕ್ ನೂಲಿನದ್ದು. ಹತ್ತು ಕೀಗೆ ಅಂಟಿಸಿ ನೋಡಿದರೆ ಆ ಹತ್ತೂ ಪಕ್ಕದವಕ್ಕಿಂತ ತಗ್ಗಿನಲ್ಲಿ ಕೂತವು, ಬಿಟ್ಟಾಗ ಟಕ್ ಅನ್ನುವ ಸದ್ದು ಬೇರೆ. ಹಳೆಯದರ ದಪ್ಪ ಅಳೆದಿರಲಿಲ್ಲ, ಅದೇ ತಪ್ಪು. ಹುಳ ಮುಟ್ಟದ ಒಂದು ಕೀ ಹುಡುಕಿ ಅಳೆದೆ: ಫೆಲ್ಟ್ 3, ತೊಗಲು 1, ಒಟ್ಟು 4 ಮಿ.ಮೀ. ಕಾಕಾ ಅವರೇ ಉಣ್ಣೆಯ ಫೆಲ್ಟ್ ತರಿಸಿಕೊಟ್ಟರು. 45 ಮಿ.ಮೀ. ಉದ್ದ, 12 ಅಗಲದ 39 ತುಂಡು, ಅಷ್ಟೇ ತೊಗಲು. ತೊಗಲಿನ ಒರಟು ಮೈ ತೂತಿನ ಕಡೆ ಇರಬೇಕು, ನುಣುಪು ಮೈ ಅಷ್ಟು ಚೆನ್ನಾಗಿ ಮುಚ್ಚೋದಿಲ್ಲ. ಎರಡು ಭಾನುವಾರ ಹೋಯಿತು. ಎಂಟು ಕೀಗಳ ಸ್ಪ್ರಿಂಗ್ ಸೋತಿದ್ದವು, ಅವನ್ನೂ ಬದಲಿಸಿದೆ.

ಆಗಸ್ಟ್ 25. ಸ್ಟಾಪ್ ಎಳೆದು: 31 ಸೆಕೆಂಡು. ಸಂತೋಷವೇನೋ ಆಯಿತು, ಆದರೆ ಶ್ರಾವಣದ ಮೊದಲ ಸೋಮವಾರ ಆಗಸ್ಟ್ 5ಕ್ಕೇ ಬಂದು ಹೋಗಿತ್ತು. ಅವತ್ತಿನ ಭಜನೆಗೆ ಪೇಟಿ ತರ್ತೀನಿ ಅಂತ ಅಜ್ಜಿಗೆ ಮಾತು ಕೊಟ್ಟಿದ್ದೆ. ಫೋನ್ ಮಾಡಿ ಹೇಳಬೇಕಾಯಿತು. "ಆಗಲಿ ಬಿಡವಾ, ಶ್ರಾವಣ ಮುಂದಿನ ವರ್ಷನೂ ಬರ್ತದ" ಅಂದಳು ಅಜ್ಜಿ.

ಸೆಪ್ಟೆಂಬರ್. ರೀಡು, ಮತ್ತು ನನ್ನ ದೊಡ್ಡ ತಪ್ಪು

ಸ್ವಚ್ಛ ಮಾಡೋದು ಸುಲಭ. ಒಣ ಬ್ರಷ್, ಅಷ್ಟೇ. ಹಿತ್ತಾಳೆ ಅಂತ ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಬೇಡಿ, ಹುಳಿ ರೀಡಿನ ನಾಲಿಗೆಯನ್ನು (ಚೌಕಟ್ಟಿನಲ್ಲಿ ನಡುಗುವ ತೆಳು ಪಟ್ಟಿ) ತಿನ್ನುತ್ತದೆ, ಸ್ವರ ಹೋಗುತ್ತದೆ. ಸುಮ್ಮನಿದ್ದ ಐದು ಕೀಗಳಲ್ಲಿ ನಾಲ್ಕಕ್ಕೆ, ನಾಲಿಗೆ ಮತ್ತು ಚೌಕಟ್ಟಿನ ಸಂದಿಯಲ್ಲಿ ತೆಳು ಕಾಗದದ ಪಟ್ಟಿ ತೂರಿಸಿ ಎಳೆದಿದ್ದಕ್ಕೇ ದನಿ ಬಂತು. ಐದನೆಯದರ ಸ್ಕ್ರೂ ಸಡಿಲ ಇತ್ತು. ಗುಂಯ್ ಅನ್ನುತ್ತಿದ್ದ ಹನ್ನೆರಡರಲ್ಲಿ ನಾಲಿಗೆ ಒಂದು ಪಕ್ಕಕ್ಕೆ ವಾಲಿ ಚೌಕಟ್ಟಿಗೆ ತಾಗುತ್ತಿತ್ತು. ಬೆಳಕಿಗೆ ಹಿಡಿದು, ಎರಡೂ ಕಡೆ ಸಮನಾದ ಗೆರೆ ಕಾಣುವ ತನಕ ಚಿಮಟಾದಲ್ಲಿ ಒಂದು ಕೂದಲೆಳೆ ಸರಿಸಿದೆ. ಹನ್ನೆರಡೂ ಸರಿಯಾದವು. ಅವತ್ತು ಮನೆಯಲ್ಲೆಲ್ಲ ಹೇಳಿಕೊಂಡು ಓಡಾಡಿದೆ.

ಆಮೇಲೆ ಶ್ರುತಿ. ಮೊಬೈಲ್‌ನಲ್ಲಿ ಸ್ವರ ಅಳೆಯುವ ಟ್ಯೂನರ್ ಹಾಕಿಕೊಂಡೆ, ಸಾಮಾನ್ಯವಾಗಿ ಬಳಸುವ 440 ಹರ್ಟ್ಸ್‌ಗೆ ಇಟ್ಟೆ. ಎಲ್ಲ ರೀಡೂ 15ರಿಂದ 25 ಸೆಂಟ್ ಮೇಲೆ ತೋರಿಸಿತು (ಒಂದು ಕೀಯಿಂದ ಪಕ್ಕದ ಕೀಗೆ 100 ಸೆಂಟ್). ಹಳೇ ಪೇಟಿ, ಶ್ರುತಿ ತಪ್ಪಿದೆ ಅಂದುಕೊಂಡೆ. ಮಾಡುವ ವಿಧಾನ ಇಷ್ಟೇ: ನಾಲಿಗೆಯ ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಕೆರೆಯುವಾಗ ನಾಲಿಗೆ ಬಾಗದ ಹಾಗೆ ಕೆಳಗೆ ಅರ್ಧ ಶೇವಿಂಗ್ ಬ್ಲೇಡ್ ತೂರಿಸಬೇಕು. ಎರಡು ಸಂಜೆ ಕೂತು ಏಳು ರೀಡುಗಳ ಬುಡ ಕೆರೆದು 440ಕ್ಕೆ ಇಳಿಸಿದೆ.

ಎರಡು ತಪ್ಪು ಒಟ್ಟಿಗೆ ಮಾಡುತ್ತಿದ್ದೆ. ಒಂದು, ರೀಡನ್ನು ಬಾಯಿಗೆ ಇಟ್ಟು ಊದಿ ಪರೀಕ್ಷಿಸುತ್ತಿದ್ದೆ. ಉಸಿರಿನ ತೇವ ಹಿತ್ತಾಳೆಗೆ ಒಳ್ಳೆಯದಲ್ಲ, ಅದಕ್ಕಿಂತ ಮುಖ್ಯವಾಗಿ ಬಾಯಲ್ಲಿ ಕೇಳಿದ ಸ್ವರವೇ ಪೆಟ್ಟಿಗೆಯಲ್ಲಿ ಬರೋದಿಲ್ಲ. ಹಲಗೆ ವಾಪಸ್ ಕೂರಿಸಿ ನೋಡಿದರೆ 6ರಿಂದ 8 ಸೆಂಟ್ ವ್ಯತ್ಯಾಸ. ಪ್ರತಿ ಸಲ ಕೂರಿಸಿ, ನುಡಿಸಿ, ಬಿಚ್ಚಿ, ಕೆರೆದು, ಮತ್ತೆ ಕೂರಿಸಬೇಕು, ಬೇರೆ ದಾರಿ ಇಲ್ಲ. ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು, ಅದು ನನಗೆ ಗೊತ್ತಾಗಿದ್ದು ದಸರಾ ರಜೆಯಲ್ಲಿ.

ಅಕ್ಟೋಬರ್ 6. ಕಾಕಾ ಬಂದರು

ಏಳು ರೀಡು ಇಳಿಸಿದ ಮೇಲೆ ಪೇಟಿ ಮೊದಲಿಗಿಂತ ಕೆಟ್ಟದಾಗಿ ಕೇಳುತ್ತಿತ್ತು. ಖರಜ್ ಮತ್ತು ನರ್ ಒಟ್ಟಿಗೆ ನುಡಿಸಿದರೆ ಆ ಏಳು ಕೀಗಳಲ್ಲಿ ದನಿ ಅಲೆ ಅಲೆಯಾಗಿ ನಡುಗುತ್ತಿತ್ತು. ಕಾಕಾ ಕಣ್ಣು ಮುಚ್ಚಿ ಎರಡು ಸಲ ಕೆಳಗಿನಿಂದ ಮೇಲಿನವರೆಗೆ ಬೆರಳು ಎಳೆದರು. ನಾನು ಮುಟ್ಟಿದ ಏಳೂ ಕೀಗಳನ್ನು ತಪ್ಪದೆ ಒತ್ತಿ ತೋರಿಸಿದರು. ಆಮೇಲೆ ಕೇಳಿದರು: "440 ಅಂತ ಯಾರ್ ಹೇಳಿದ್ರವಾ? ಪೇಟಿನ್ನ ಕೇಳಿದ್ಯಾ?"

ಪೇಟಿ ಕೆಟ್ಟಿರಲಿಲ್ಲ. ಅದನ್ನು ಮಾಡಿದ್ದೇ ಸ್ವಲ್ಪ ಮೇಲಿನ ಶ್ರುತಿಗೆ, ಸುಮಾರು 20 ಸೆಂಟ್ ಮೇಲೆ, 445ರ ಹತ್ತಿರ. ಹಳೇ ಪೇಟಿಗೆ ಮೊದಲು 39 ಕೀಗಳ ಲೆಕ್ಕವನ್ನೂ ಬರೆದುಕೊಂಡು, ಜಾಸ್ತಿ ಕೀಗಳು ಎಲ್ಲಿ ನಿಂತಿವೆಯೋ ಅದನ್ನೇ ಅದರ ಶ್ರುತಿ ಅಂತ ಒಪ್ಪಿಕೊಂಡು, ತಪ್ಪಿದ ನಾಲ್ಕಾರನ್ನು ಮಾತ್ರ ಅದಕ್ಕೆ ತರಬೇಕು. ನಾನು ಲೆಕ್ಕ ಬರೆದುಕೊಂಡಿದ್ದೆ, ಆದರೆ ಎಲ್ಲವೂ ಒಂದೇ ಕಡೆ ವಾಲಿದ್ದನ್ನು ನೋಡಿಯೂ ಯೋಚಿಸಲಿಲ್ಲ.

ಇನ್ನು ಇಳಿಸಿದ ಏಳನ್ನು ತುದಿ ಕೆರೆದು ಮತ್ತೆ ಏರಿಸಬೇಕು. ಒಂದೇ ನಾಲಿಗೆಯನ್ನು ಬುಡದಲ್ಲೂ ತುದಿಯಲ್ಲೂ ಕೆರೆದರೆ ಅದು ಅಷ್ಟು ಸೊರಗುತ್ತದೆ. ಕಾಕಾ ಪಕ್ಕದಲ್ಲಿ ಕೂತು ನನ್ನಿಂದಲೇ ಮಾಡಿಸಿದರು. "ಮೆಲ್ಲಗವಾ, ಅದು ಕಬ್ಬಣ ಅಲ್ಲ." ಆರು ಬಂದವು. ಏಳನೆಯದು 21ನೇ ಕೀಯ ನರ್, ಅಜ್ಜನ ಷಡ್ಜಕ್ಕೆ ಪಂಚಮ. ಬುಡದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಕೆರೆದಿದ್ದು ಅದನ್ನೇ. ಇನ್ನು 4 ಸೆಂಟ್ ಬಾಕಿ ಇತ್ತು. ಎರಡು ಸಲ ಸಣ್ಣ ಅರ ಎಳೆದೆ, ಮೂರನೆಯದಕ್ಕೆ ಟಿಣ್ ಅಂತ ಸಣ್ಣ ಸದ್ದು. ನಾಲಿಗೆ ರಿವೆಟ್ಟಿನ ಪಕ್ಕದಲ್ಲಿ ಮುರಿದು ಹಲಗೆಯ ಮೇಲೆ ಬಿತ್ತು. ನನ್ನ ಚಿಕ್ಕ ಬೆರಳಿನ ಉಗುರಿಗಿಂತ ಸಪೂರ, ಬಿದ್ದಲ್ಲೇ ಹೊಳೆಯುತ್ತಿತ್ತು. ಯಾರೂ ಮಾತಾಡಲಿಲ್ಲ. ಅಪ್ಪ ಎದ್ದು ಒಳಗೆ ಹೋಗಿ ನೀರು ಕುಡಿದು ಬಂದರು.

ಕಾಕಾ ಅವರ ಹತ್ತಿರ ಹಳೇ ರೀಡುಗಳ ಒಂದು ಡಬ್ಬಿ ಇದೆ, ಗುಜರಾತಿನ ಪಾಲಿತಾಣದವು. ಪೇಟಿಯ ರೀಡಿಗೆ ಹೆಸರಾದ ಊರು ಅದು. ಅದರಿಂದ ಹೊಂದುವುದೊಂದನ್ನು ಆರಿಸಿ, ಶ್ರುತಿ ಸೇರಿಸಿ ಕೂರಿಸಿದರು. ಸ್ವರ ಸರಿಯಾಗಿದೆ. ಆದರೆ ದನಿ ಸ್ವಲ್ಪ ಚುರುಕು, ಪಕ್ಕದವುಗಳಷ್ಟು ಮಾಗಿಲ್ಲ. ಕೇಳುವವರಿಗೆ ಗೊತ್ತಾಗೋದಿಲ್ಲ ಅಂತಾರೆ ಎಲ್ಲರೂ. ನನಗೆ ಪ್ರತಿ ಸಲ ಗೊತ್ತಾಗುತ್ತದೆ.

ನವೆಂಬರ್ 9 ಮತ್ತು 10. ರೆಕಾರ್ಡಿಂಗ್

ಪೇಟಿ ಊರಿಗೆ ವಾಪಸ್ ಹೋಯಿತು. ಮೊದಲು ಗುಡಿಯಲ್ಲಿ ಮಾಡಿದೆವು, ಕಲ್ಲಿನ ಗೋಡೆ, ಪದವೆಲ್ಲ ಕಲಸಿಹೋಯಿತು. ಮನೆಯ ಪಡಸಾಲೆಗೆ ಬಂದೆವು. ಅಜ್ಜಿ ಹೊಲಿದ ನಾಲ್ಕು ಕೌದಿಗಳನ್ನು ಎರಡು ಗೋಡೆಗೆ ಇಳಿಬಿಟ್ಟೆ. ಇದು ನಿಜವಾಗಿಯೂ ಕೆಲಸ ಮಾಡುತ್ತದೆ, ಮಾರ್ದನಿ ಪೂರ್ತಿ ತಗ್ಗಿತು. ಫೋನನ್ನು ಪೇಟಿಯ ಮೇಲೆ ಇಟ್ಟಾಗ ತಿದಿಯ ದಡ್ ದಡ್ ಜಾಸ್ತಿ ಬಂತು. ಒಂದು ಮೀಟರ್ ದೂರ, ಪುಸ್ತಕದ ಅಟ್ಟಿಯ ಮೇಲೆ, ಅಜ್ಜಿಯ ಬಾಯಿಯ ಎತ್ತರಕ್ಕೆ ಇಟ್ಟ ಮೇಲೆ ಸರಿಹೋಯಿತು. ಫ್ಯಾನ್ ಬಂದ್. ಪಕ್ಕದ ಮನೆಯ ಎಮ್ಮೆಗೆ ಮೇವು ಹಾಕಿದ ಮೇಲೆ ಶುರು.

ನಾನು ಕಪ್ಪು ಒಂದರಿಂದಲೇ ಅಭ್ಯಾಸ ಮಾಡಿದ್ದೆ, ಅಜ್ಜನ ಷಡ್ಜ ಅಂತ. ಅಜ್ಜಿಗೆ ಈಗ ಅಷ್ಟು ಮೇಲೆ ಹತ್ತೋದಿಲ್ಲ. ಕೆಳಗಿನ ಬಿಳಿ ಆರಕ್ಕೆ ಬಂದೆವು, ಬೆರಳೆಲ್ಲ ಹೊಸದಾಗಿ ಕಲಿಯಬೇಕಾಯಿತು, ಒಂದು ಇಡೀ ರಾತ್ರಿ. ಹಾಗಾಗಿ ಸವೆದ ಆ ಕಪ್ಪು ಕೀ ನನಗೆ ಗಾಂಧಾರ ಆಯಿತು. ಹೊಸ ರೀಡಿನ ಕೀ ನಿಷಾದ ಆಯಿತು, ಈ ಪದದಲ್ಲಿ ಅದು ಎರಡೇ ಸಲ ಬರೋದು.

ಹನ್ನೊಂದು ಸಲ ಹಾಡಿಸಿದೆ, ಒಂಬತ್ತನೆಯದು ಇಟ್ಟುಕೊಂಡೆ. 4 ನಿಮಿಷ 50 ಸೆಕೆಂಡು.

ಮುಗಿದ ಮೇಲೆ ಅಜ್ಜಿಗೆ ಕೇಳಿಸಿದೆ. ಪೂರ್ತಿ ಕೇಳಿ ಅವಳು ಹೇಳಿದ್ದು: "ಚಲೋ ಆಗೇದವಾ. ಆದ್ರ ನಡುವ ಒಂದ್ ಕಡೆ ಗುಂಯ್ ಅಂತಿತ್ತಲ್ಲ, ಅದೆಲ್ಲಿ ಹೋತು? ಅದು ಬಂದಾಗೊಮ್ಮೆ ನಿಮ್ಮ ಅಜ್ಜ ನನ್ನ ಕಡೆ ನೋಡ್ತಿದ್ರು."

ಹನ್ನೆರಡು ರೀಡುಗಳ ಗುಂಯ್ ತೆಗೆದಿದ್ದೆ. ಅದರಲ್ಲಿ ಹೆಚ್ಚಿನವು ಆರು ವರ್ಷ ಅಟ್ಟದಲ್ಲಿ ಇದ್ದು ಕೆಟ್ಟವು. ಒಂದು ಮಾತ್ರ ಅಜ್ಜ ಇದ್ದಾಗಲೂ ಹಾಗೇ ಇತ್ತು, ಅದನ್ನು ಅವರು ಬೇಕಂತಲೇ ಬಿಟ್ಟಿದ್ದರೋ ಏನೋ. ಯಾವುದು ಅಂತ ಅಜ್ಜಿಗೆ ಕೇಳಿದರೆ ತಕ್ಷಣ ತೋರಿಸುತ್ತಿದ್ದಳು, ಜೂನ್ 16ರ ದನಿ ನನ್ನ ಫೋನಿನಲ್ಲಿ ಇದ್ದಿದ್ದರೆ. ಹತ್ತು ನಿಮಿಷದ ಕೆಲಸ ಅದು. 64 ಫೋಟೋ ತೆಗೆದೆ, ಎಲ್ಲ ಅಳತೆ ಬರೆದೆ, ವಾದ್ಯದ ದನಿಯನ್ನೇ ಹಿಡಿದಿಡಲಿಲ್ಲ. ದಯವಿಟ್ಟು ನೀವು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ಒಂದೊಂದು ಕೀಯನ್ನೂ, ಖರಜ್ ಬೇರೆ, ನರ್ ಬೇರೆ, ಎರಡೂ ಸೇರಿಸಿ ಬೇರೆ, ಕೆಟ್ಟದ್ದನ್ನೂ ಬಿಡದೆ ರೆಕಾರ್ಡ್ ಮಾಡಿ. ಆ ವಾದ್ಯವನ್ನು ದಿನಾ ಕೇಳುತ್ತಿದ್ದವರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ನವೆಂಬರ್ 23. ಶಾಲೆಯಲ್ಲಿ

ಚೆನ್ನಾಗಿ ಆಯಿತು. ಬಿಚ್ಚಿ ತೋರಿಸಿದೆ, ನುಡಿಸಿದೆ, ಅಜ್ಜಿಯ ಹಾಡು ಕೇಳಿಸಿದೆ. ಒಬ್ಬ ಸರ್ ಇದು ವಿದೇಶಿ ವಾದ್ಯ ಅಲ್ವಾ ಅಂತ ಕೇಳಿದರು. ಓದಿಕೊಂಡಿದ್ದೆ: ಹಾರ್ಮೋನಿಯಂ ಹೆಸರಿನಲ್ಲಿ 1840ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಆದದ್ದು ಕಾಲಿನಲ್ಲಿ ತಿದಿ ತುಳಿಯುವಂಥದ್ದು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುವ ಪೇಟಿ ಬೆಳೆದದ್ದು ಕೋಲ್ಕತ್ತದಲ್ಲಿ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಇದನ್ನು ನುಡಿಸಲು ಬಿಡುತ್ತಿರಲಿಲ್ಲ ಅಂತಲೂ ಹೇಳಿದೆ. ಆ ವರ್ಷಗಳಲ್ಲೂ ನಮ್ಮ ಊರುಗಳ ಭಜನೆಯಲ್ಲಿ, ಕಂಪನಿ ನಾಟಕದಲ್ಲಿ ಪೇಟಿ ನಿಲ್ಲಲೇ ಇಲ್ಲ. ಮಾರ್ಕ್ಸ್ ಇನ್ನೂ ಬಂದಿಲ್ಲ.

ಖರ್ಚು

ತೊಗಲು 180, ಉಣ್ಣೆ ಫೆಲ್ಟ್ 220, ಮರವಜ್ರ 90, ಸ್ಪ್ರಿಂಗ್ ಎಂಟು 120, ಬೈಂಡಿಂಗ್ ಬಟ್ಟೆ ಮತ್ತು ರಟ್ಟು 70, ಮರಳು ಕಾಗದ 30, ರೀಡು 50, ಬಸ್ಸು 120. ಕಾಕಾ ಕೂಲಿ ಬೇಡ ಅಂದರು, ಅಪ್ಪ 300 ಒತ್ತಾಯದಿಂದ ಕೊಟ್ಟರು. ವ್ಯರ್ಥ ಆದದ್ದು ಕ್ರಾಫ್ಟ್ ಫೆಲ್ಟ್ 60, ಫೆವಿಕಾಲ್ 45. ಒಟ್ಟು 1,285 ರೂಪಾಯಿ.

ಇನ್ನೂ ಬಾಕಿ ಇರೋದು

31ನೇ ಕೀ ತಂಪು ಹವೆಯಲ್ಲಿ ಪಕ್ಕದ ಕೀಗೆ ಉಜ್ಜಿ ನಿಧಾನ ಏಳುತ್ತದೆ, ಬೇಸಿಗೆಯಲ್ಲಿ ಮರ ಒಣಗಿದ ಮೇಲೆ ಪಕ್ಕವನ್ನು 400ರ ಮರಳು ಕಾಗದದಲ್ಲಿ ತುಸು ಉಜ್ಜಬೇಕು. ಹೊರಗಿನ ತಿದಿಯ ಇಲಿ ಕಡಿದ ಮೂಲೆಗೆ ಹಾಕಿದ ತೇಪೆ ಒಂದು ಕಡೆ ಎದ್ದಿದೆ. ಮೇ ತಿಂಗಳಲ್ಲಿ ಊರಿಗೆ ಹೋದಾಗ, ಆ ಹನ್ನೆರಡು ರೀಡುಗಳನ್ನು ಒಂದೊಂದಾಗಿ ಮತ್ತೆ ಒಂದು ಕೂದಲೆಳೆ ವಾಲಿಸಿ ಅಜ್ಜಿಗೆ ಕೇಳಿಸಬೇಕು ಅಂತಿದ್ದೇನೆ. ಪಟ್ಟಿ ಇದೆ, ಯಾವ ಯಾವ ಕೀ ಅಂತ ಗೊತ್ತಿದೆ. ಅವಳು ಇದೇ ಅಂದದ್ದನ್ನು ಹಾಗೇ ಬಿಡುತ್ತೇನೆ.